ಜೇಬಿಗೆ ಕಣ್ಣು ಹಾಕದವರು

ನಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗಿರಾಕಿಗಳ ಜೇಬಿಗೆ ಕೈ ಹಾಕುವ ಹಕ್ಕು ನನ್ನೊಬ್ಬಳಿಗೇ ಇರುವುದು. ಹೀಗೆ ಹೇಳಿದರೆ ಯಾರಾದರೂ ಪೊಲೀಸರನ್ನು ಕರೆದಾರು, ಆದರೆ ಕಸುಬು ಅಂಥದ್ದು. ಕೋಟಾಗಲಿ ಪ್ಯಾಂಟಾಗಲಿ, ಯಂತ್ರಕ್ಕೆ ಹೋಗುವ ಮೊದಲು ಜೇಬು ಖಾಲಿಯಾಗಬೇಕು. ಮರೆತ ಒಂದು ಪೆನ್ನು ಸಾಕು, ಊರವರ ಬಟ್ಟೆಗೆಲ್ಲ ನೀಲಿ ಬಳಿಯಲು. ಅಂಗಡಿಯ ಹಿಂಭಾಗದಲ್ಲಿ, ಇಸ್ತ್ರಿ ಮೇಜಿನ ಆಚೆ, ಗೋಡೆಗೆ ಮುಖ ಮಾಡಿ ಒಂದು ಸ್ಟೂಲು ಇದೆ. ಅಲ್ಲಿ ಕೂತು, ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು, ಗೋಡೆ ನೋಡುತ್ತಲೇ ಜೇಬು ತಡಕುತ್ತೇನೆ. ಸಿಕ್ಕಿದ್ದು ಸಿಕ್ಕ ಹಾಗೆಯೇ ಒಂದು ಪುಟ್ಟ ಬಟ್ಟೆಚೀಲಕ್ಕೆ ಬೀಳುತ್ತದೆ. ಚೀಲದ ಬಾಯಿಗೆ ದಾರ, ದಾರಕ್ಕೆ ಆ ಬಟ್ಟೆಯದೇ ನಂಬರಿನ ಚೀಟಿ. ಗಿರಾಕಿ ಬಂದಾಗ ಬಟ್ಟೆಯ ಜೊತೆ ಚೀಲವನ್ನೂ ಕೊಡುತ್ತೇವೆ. ಒಳಗೇನಿತ್ತು ಎಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇದು ನನ್ನ ಅತ್ತೆ ಕಲಿಸಿದ ಪಾಠ. "ಜೇಬಿಗೆ ಕೈ ಹಾಕು, ಕಣ್ಣು ಹಾಕಬೇಡ" ಎನ್ನುತ್ತಿದ್ದರು. ಕೆಲಸಕ್ಕೆ ಹೊಸಬರು ಬಂದರೆ ಅವರದೊಂದು ಪರೀಕ್ಷೆ ಇತ್ತು, ಈಗ ಅದು ನನ್ನದು. ಹಳೇ ಕೋಟೊಂದರ ಒಳಜೇಬಿನಲ್ಲಿ ವಿಚಿತ್ರವಾದದ್ದೇನಾದರೂ ಇಟ್ಟು, ನನ್ನ ಕಣ್ತಪ್ಪಿ ಬಂದದ್ದೆಂಬಂತೆ ಹೊಸಬರ ಇಸ್ತ್ರಿ ಮೇಜಿಗೆ ಕಳಿಸುವುದು. ಒಂದು ಸಲ ಕಟ್ಟಿಸಿದ ಹಲ್ಲಿನ ಸೆಟ್ಟು ಇಟ್ಟಿದ್ದೆ. ಸಂಜೆಯಾಗುವುದರೊಳಗೆ ಪಕ್ಕದ ಬೇಕರಿಯವರು ಬಂದು, "ಅಲ್ಲ ಅಕ್ಕ, ನಿಮ್ಮ ಗಿರಾಕಿ ಯಾರೋ ಹಲ್ಲನ್ನ ಜೇಬಲ್ಲಿಟ್ಕೊಂಡು ಓಡಾಡ್ತಾರಂತೆ, ಹೌದಾ?" ಎಂದು ಕೇಳಿದರು. ಆ ಇಸ್ತ್ರಿಯವನಿಗೆ ಮರುದಿನದಿಂದ ಬರಬೇಡ ಎಂದೆ. ಕೈ ಚುರುಕಿತ್ತು ಪಾಪ, ಬಾಯಿ ಅದಕ್ಕಿಂತ ಚುರುಕು.

ಇಂಥ ಶಿಸ್ತಿನ ಮನೆಯೊಳಕ್ಕೆ, ನಮ್ಮೆಲ್ಲರ ಜೇಬನ್ನೂ ನಡುಬೀದಿಯಲ್ಲಿ ಕೊಡವುವ ಆಪ್ ಒಂದು ಬಂದು ಕೂತಿತ್ತು. ತಂದು ಕೂರಿಸಿದವನು ನನ್ನ ಮೈದುನ. ಅವನ ನಿಜವಾದ ಹೆಸರು ನೆಂಟರಿಗೆಲ್ಲ ಮರೆತುಹೋಗಿದೆ, ಎಲ್ಲರಿಗೂ ಅವನು ರೇಡಿಯೋ. ಎರಡು ಬೀದಿ ಆಚೆ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಒಂದು ಕೊಟ್ಟರೆ ಹತ್ತು ಮಾಡಿ ಹಂಚುವುದು ಅವನಿಗೆ ಕಸುಬೂ ಹೌದು, ಸ್ವಭಾವವೂ ಹೌದು. ಮನುಷ್ಯ ಮಾತ್ರ ಬೆಣ್ಣೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅಂಗಡಿಯ ಲೆಕ್ಕವನ್ನು ಅವನೇ ದಡ ಮುಟ್ಟಿಸಿದ. ಆಗಲೇ ತನ್ನ ಫೋನಿನ ಜೊತೆಗೆ ನನ್ನ, ನನ್ನ ಮಗನ, ಸೊಸೆಯ ಫೋನುಗಳಿಗೆಲ್ಲ ಆ ಲೆಕ್ಕದ ಆಪ್ ಹಾಕಿಕೊಟ್ಟದ್ದು.

"ಮನೆಗೆಲ್ಲ ಒಂದೇ ಲೆಕ್ಕ, ಅತ್ತಿಗೆ. ಬ್ಯಾಂಕಿಂದ ಬರೋ ಮೆಸೇಜನ್ನೆಲ್ಲ ಅದೇ ಓದ್ಕೊಂಡು ಅದೇ ಬರ್ಕೊಳ್ಳುತ್ತೆ. ಯಾರು ಎಲ್ಲಿ ಖರ್ಚು ಮಾಡಿದ್ರೂ ಎಲ್ರಿಗೂ ಗೊತ್ತಾಗುತ್ತೆ. ಅದೂ ಫ್ರೀ."

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರು ನಾವು. ಹಾಕಿಸಿಕೊಂಡೆವು. ಮೊದಮೊದಲು ತಮಾಷೆಯಾಗಿಯೇ ಇತ್ತು. ಮಗ ಬೇಕರಿಗೆ ನುಗ್ಗಿದರೆ ನನ್ನ ಫೋನು ಟಿಂಗ್ ಎನ್ನುತ್ತಿತ್ತು, ನಾನು ಒಲೆಯ ಮುಂದಿನಿಂದಲೇ ಅವನನ್ನು ಗದರಿಸುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ನಾನು ಸ್ಟೂಲಿನ ಮೇಲೆ ಕೂತಿದ್ದಾಗ ಹಾಗೆಯೇ ಟಿಂಗ್ ಎಂದಿತು. ತೆರೆದರೆ ಪರದೆಯ ತುಂಬ ಬಲೂನುಗಳು. ಕೆಳಗೆ, "ಅಭಿನಂದನೆಗಳು, ನಿಮ್ಮ ಕುಟುಂಬದ ಖರ್ಚಿನಲ್ಲಿ ಹೊಸ ವಿಭಾಗ: ತಾಯಿ ಮತ್ತು ಮಗು." ಸೊಸೆ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿದ್ದಳು, ಆಪ್ ಅದನ್ನು ಓದಿಕೊಂಡು ಬಲೂನು ಹಾರಿಸಿತ್ತು. ನನಗೆ ಮೊಮ್ಮಗುವಿನ ಸುದ್ದಿ ಮುಟ್ಟಿದ್ದು ಹೀಗೆ. ರೇಡಿಯೋಗೂ ಅದೇ ಗಳಿಗೆಯಲ್ಲಿ ಮುಟ್ಟಿತು. ಅವಳು ಆಸ್ಪತ್ರೆಯಿಂದ ಮನೆ ತಲುಪುವುದರೊಳಗೆ ನೆಂಟರಿಷ್ಟರಿಗೆಲ್ಲ ಡಂಗುರ ಸಾರಿ ಆಗಿತ್ತು. ಗಂಡನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದವಳಿಗೆ ಬಾಗಿಲಲ್ಲೇ ಹಾರೈಕೆಗಳ ರಾಶಿ ಕಾದಿತ್ತು.

ಆಮೇಲೆ ಆ ಮಗು ನಿಲ್ಲಲಿಲ್ಲ. ಆ ದಿನದ ಆಸ್ಪತ್ರೆಯ ಬಿಲ್ಲನ್ನೂ ಆಪ್ ಎಲ್ಲರಿಗೂ ತೋರಿಸಿತು. ಹಾರೈಸಿದವರೆಲ್ಲ ಒಬ್ಬೊಬ್ಬರಾಗಿ ಸಂತಾಪ ಹೇಳಲು ಫೋನು ಮಾಡಿದರು. ಅವಳು ಯಾರಿಗೆ ಹೇಳಿಯೇ ಇರಲಿಲ್ಲವೋ ಅವರಿಗೆಲ್ಲ ಉತ್ತರ ಕೊಡಬೇಕಾಯಿತು. ಜನರಾದರೂ ಸ್ವಲ್ಪ ದಿನಕ್ಕೆ ಸುಮ್ಮನಾದರು, ಫೋನು ಸುಮ್ಮನಾಗಲಿಲ್ಲ. ತೊಟ್ಟಿಲು, ಹಾಲಿನ ಬಾಟಲಿ, ಮಗುವಿನ ಹೆಸರಿನಲ್ಲಿ ಉಳಿತಾಯ ಯೋಜನೆ, ತಿಂಗಳುಗಟ್ಟಲೆ ತೋರಿಸುತ್ತಲೇ ಹೋಯಿತು. ಒಂದು ದಿನ ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ ಅತ್ತೆ, ಇವತ್ತು ತೊಟ್ಟಿಲು ಅರ್ಧ ರೇಟಂತೆ" ಎಂದು ನಕ್ಕಳು. ಆ ನಗುವನ್ನು ನೋಡಲಾಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಮಾತು ಮಾತಿಗೆ ಹೇಳುತ್ತಿದ್ದವಳು ನಾನು. ಅವತ್ತಿನಿಂದ ಬಿಟ್ಟೆ.

ಸೊಸೆಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ದಿನವಿಡೀ ಬಂದವರಿಗೆ ಕೆಳಗಿನ ಸಾಲು ಓದಿ, ಇನ್ನೂ ಕೆಳಗಿನದು ಓದಿ ಎನ್ನುವುದು ಅವಳ ಕೆಲಸ. ಮಾತು ಕಡಿಮೆ, ಹಟ ಜಾಸ್ತಿ. ನನಗೂ ಅವಳಿಗೂ ಹೊಂದಾಣಿಕೆ ಆದದ್ದೇ ಈ ಹಟದಿಂದ. ಇಬ್ಬರೂ ಒಂದೇ ಕಡೆ ಎಳೆದರೆ ಯಾವ ಗಾಡಿಯೂ ಮುಂದೆ ಹೋಗುತ್ತದೆ, ಎದುರುಬದುರಾಗಿ ಎಳೆದ ದಿನ ಮನೆಯಲ್ಲಿ ಅಡಿಗೆ ಇರುವುದಿಲ್ಲ.

ಈ ವರ್ಷದ ಶುರುವಿನಲ್ಲಿ ಮಗ ಇಸ್ತ್ರಿ ಮಾಡುತ್ತಾ ನನ್ನ ಹತ್ತಿರ ಬಾಯಿಬಿಟ್ಟ. ಅವನು ಮಾತಿಗಿಂತ ಹೆಚ್ಚು ಹಬೆಯನ್ನೇ ಬಿಡುವವನು, ಆದ್ದರಿಂದ ನಾನು ಕೈಯಲ್ಲಿದ್ದ ಕೋಟು ಕೆಳಗಿಟ್ಟೆ.

"ಅಮ್ಮ, ಇನ್ನೊಂದು ಸಲ ನೋಡೋಣ ಅಂತ ಇಬ್ರಿಗೂ ಆಸೆ ಇದೆ. ಈ ಸಲ ಮೊದಲಿಂದ್ಲೇ ಪರೀಕ್ಷೆ, ಔಷಧಿ ಎಲ್ಲ ಶುರು ಮಾಡ್ಬೇಕು, ತಡ ಮಾಡ್ಬೇಡಿ ಅಂದಿದಾರೆ ಡಾಕ್ಟರು. ಆದ್ರೆ ಇವಳು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ಅಂತಾಳೆ."

"ಹೆದರಿಕೆನಾ?"

"ಆಸ್ಪತ್ರೆಗಲ್ಲ. ಫೋನಿಗೆ."

ಸಂಜೆ ಸೊಸೆ ಕೆಲಸ ಮುಗಿಸಿ ಅಂಗಡಿಗೆ ಬಂದಾಗ ಟೀ ಕೊಟ್ಟು ಕೂರಿಸಿದೆ. ಬಳಸು ಮಾತು ನನಗೆ ಬರುವುದಿಲ್ಲ, ನೇರ ಕೇಳಿದೆ. ಅವಳೂ ನೇರ ಹೇಳಿದಳು.

"ಹೋದ ಸಲದ ನೋವನ್ನ ಹೇಗೋ ನುಂಗ್ಕೊಂಡೆ ಅತ್ತೆ. ಆದ್ರೆ ಅದು ನನ್ನ ಸುದ್ದಿ. ನನ್ನ ಬಾಯಿಂದ ಒಬ್ರಿಗೂ ಹೇಳೋಕಾಗ್ಲಿಲ್ಲ, ನಿಮಗೂ ಸೇರಿ. ಬಂದಾಗ್ಲೂ ಅದೇ ಹೇಳ್ತು, ಹೋದಾಗ್ಲೂ ಅದೇ ಹೇಳ್ತು. ಇನ್ನೊಂದು ಸಲ ಹಾಗಾದ್ರೆ ನನಗೆ ತಡ್ಕೊಳ್ಳೋಕಾಗಲ್ಲ."

"ಕ್ಯಾಶ್ ಕೊಟ್ಟುಬಿಡೋಣ, ಆಪ್‌ಗೆ ಏನು ಗೊತ್ತಾಗುತ್ತೆ?" ಎಂದ ಮಗ, ಮೇಜಿನ ಹಿಂದಿನಿಂದ.

"ನನ್ನ ದುಡ್ಡನ್ನ ನಾನೇ ಕದ್ದು ಖರ್ಚು ಮಾಡ್ಬೇಕಾ? ತಿಂಗಳು ತಿಂಗಳು ಎಷ್ಟು ಹೊಂದಿಸ್ಬೇಕು, ಎಷ್ಟು ಉಳೀತು ಅಂತ ಲೆಕ್ಕ ಬೇಡ್ವಾ? ಲೆಕ್ಕ ಇಟ್ಕೊಳ್ಳೋಕೆ ಒಂದು ಆಪ್ ಬೇಕು. ಬಾಯಿ ಇಲ್ಲದ್ದು ಬೇಕು, ಅಷ್ಟೇ. ಸಿಕ್ಕಿದ ದಿನ ಡಾಕ್ಟರ ಹತ್ರ ಹೋಗ್ತೀನಿ."

ಅವಳ ಮಾತಿನಲ್ಲಿ ನ್ಯಾಯವಿತ್ತು. ನನ್ನ ಕಣ್ಣ ಮುಂದೆ ಒಂದು ಮಗು ಇತ್ತು, ಸುಳ್ಳೇಕೆ ಹೇಳಲಿ. ಆಪ್ ಸಿಕ್ಕಿದರೆ ಮಗು, ಇಲ್ಲದಿದ್ದರೆ ಇಲ್ಲ ಎಂದು ನನ್ನ ತಲೆ ಗಂಟು ಹಾಕಿಕೊಂಡಿತು. ಬಾಯಿಲ್ಲದವರನ್ನು ಕೆಲಸಕ್ಕೆ ಹುಡುಕುವುದರಲ್ಲಿ ನನ್ನಷ್ಟು ಪಳಗಿದವರು ಈ ಬೀದಿಯಲ್ಲಿ ಇನ್ನಾರಿದ್ದಾರೆ?

ಸೊಸೆ ಹುಡುಕತೊಡಗಿದಳು. ಒಂದೊಂದು ಆಪ್‌ನ ಕೊನೆಗೂ ಇರುವೆ ಸಾಲಿನಂಥ ಷರತ್ತುಗಳಿರುತ್ತವಲ್ಲ, ಯಾರೂ ಓದದೆ ಒಪ್ಪಿಗೆ ಒತ್ತುವಂಥವು, ಅವನ್ನು ಅವಳು ಬಿಡದೆ ಓದಿದಳು. ಕೆಳಗಿನ ಸಾಲು ಓದಿಸುವವಳಿಗೆ ಓದಲೂ ಬರುತ್ತದೆ. ಓದುತ್ತಾ ಓದುತ್ತಾ ಒಂದೊಂದನ್ನೇ ಅಳಿಸಿಹಾಕಿದಳು. ಒಂದಕ್ಕೆ ನಾವು ಎಲ್ಲಿದ್ದೇವೆಂದು ಯಾವಾಗಲೂ ಗೊತ್ತಿರಬೇಕಂತೆ. ಇನ್ನೊಂದು ನಮ್ಮ ವಿವರವನ್ನು ತನ್ನ "ಆಯ್ದ ಗೆಳೆಯರ" ಜೊತೆ ಹಂಚಿಕೊಳ್ಳುತ್ತದಂತೆ. ಆ ಗೆಳೆಯರು ಯಾರು ಎಂದರೆ ಉತ್ತರವಿಲ್ಲ. ಕೊನೆಗೆ ಮೂರು ಉಳಿದವು. ಮೂರೂ ನಿಮ್ಮ ಗುಟ್ಟು ಗುಟ್ಟಾಗಿಯೇ ಇರುತ್ತದೆ ಎಂದು ಆಣೆ ಇಡುತ್ತಿದ್ದವು.

"ಮಾತು ಕೇಳಿ ಕೆಲಸಕ್ಕೆ ಇಟ್ಕೊಂಡವರು ಉದ್ಧಾರ ಆಗಲ್ಲ" ಎಂದೆ ನಾನು. "ಜೇಬಲ್ಲಿ ಏನಾದ್ರೂ ಇಟ್ಟು ನೋಡೋಣ."

ಸೊಸೆ ಒಂದು ಕ್ಷಣ ನನ್ನ ಮುಖ ನೋಡಿದಳು. ಹಲ್ಲಿನ ಸೆಟ್ಟಿನ ಕತೆ ಅವಳಿಗೂ ಗೊತ್ತು. ಬಹಳ ದಿನಗಳ ಮೇಲೆ ಅವಳು ನಿಜವಾಗಿ ನಕ್ಕದ್ದು ಆಗಲೇ.

ಮಗನ ಹಳೇ ಫೋನು ಡ್ರಾಯರಿನಲ್ಲಿತ್ತು. ಅದರೊಳಗೆ ಮೂರು ಆಪ್‌ಗಳನ್ನೂ ಹಾಕಿ, ಒಂದೊಂದಕ್ಕೆ ಒಂದೊಂದು ಸುಳ್ಳು ಖರ್ಚು ಬರೆದೆವು. ಮೊದಲನೆಯದಕ್ಕೆ ನಾಯಿಯ ಬೆಲ್ಟು, ನಾಯಿಯ ತಿಂಡಿ, ನಾಯಿಯ ಸೋಪು. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ, ಇಸ್ತ್ರಿ ಮಾಡಿದ ಬಟ್ಟೆಯ ಪಕ್ಕ ಯಾರು ನಾಯಿ ಸಾಕುತ್ತಾರೆ? ಎರಡನೆಯದಕ್ಕೆ ಗಂಡಸರ ವಿಗ್, ಅದೂ ಒಳ್ಳೆ ಕ್ವಾಲಿಟಿಯದು. ನನ್ನ ಮಗನ ತಲೆಯಲ್ಲಿ ಕಾಡು ಬೆಳೆದಿದೆ. ಮೂರನೆಯದಕ್ಕೆ ಏನು ಬರೆಯುವುದು ಎಂದು ಯೋಚಿಸುತ್ತಿದ್ದಾಗ ಮಗ, "ಡ್ರಮ್ ಸೆಟ್ಟು" ಎಂದ. ಶಾಲೆಯಲ್ಲಿದ್ದಾಗ ಅದಕ್ಕಾಗಿ ಅತ್ತಿದ್ದ, ನಾನು ಕೊಡಿಸಿರಲಿಲ್ಲ. ಸರಿ, ಸುಳ್ಳಾದರೂ ಆಗಲಿ ಎಂದು ಬರೆಸಿದೆ.

ಎರಡನೆಯ ಆಪ್ ಹಾಕುವಾಗ ಫೋನು ನನ್ನ ಕೈಯಲ್ಲಿತ್ತು. ಅದು ಏನೇನೋ ಕೇಳುತ್ತಾ ಹೋಯಿತು, ನಾನು ಮುಂದೆ, ಮುಂದೆ ಎಂದು ಒತ್ತುತ್ತಾ ಹೋದೆ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಒಪ್ಪಿಗೆಯೇ ಎಂದು ಅದು ಕೇಳಿತ್ತಂತೆ. ನಾನು ಗೋಡೆ ನೋಡುವ ಅಭ್ಯಾಸದವಳು, ಅದನ್ನು ಪರದೆಯ ಮೇಲೂ ನಡೆಸಿದ್ದೆ.

ಮರುದಿನ ಬೆಳಗಾಗುವುದೇ ತಡ, ಆ ಫೋನಿನಲ್ಲಿ ಎತ್ತ ನೋಡಿದರೂ ನಾಯಿಗಳು. ನಾಯಿಗೆ ಮಳೆಕೋಟು, ನಾಯಿಗೆ ವಿಮೆ, ನಾಯಿಗೆ ಹುಟ್ಟುಹಬ್ಬದ ಕೇಕು. ಮೊದಲನೆಯದರ ಕೆಲಸ ಅಲ್ಲಿಗೆ ಹೋಯಿತು.

ಎರಡನೆಯದು ಒಂದೆರಡು ದಿನ ಸಾಧುವಿನಂತೆ ಸುಮ್ಮನಿತ್ತು. ನನಗೆ ಆಸೆಯೇ ಹುಟ್ಟಿತ್ತು, ಏಕೆಂದರೆ ನೋಡಲು ಅದೇ ಚೆಂದ. ಅಷ್ಟರಲ್ಲಿ ರೇಡಿಯೋ ಫೋನು ಮಾಡಿದ. ಅವನ ದನಿ ತಗ್ಗಿತ್ತು, ಅದೇ ಒಂದು ಅಪಶಕುನ.

"ಅತ್ತಿಗೆ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗನ ಕೂದಲು ಅಷ್ಟೊಂದು ಉದುರಿದ್ಯಾ?"

"ಯಾರು ಹೇಳಿದ್ದು?"

"ನನ್ನ ಫೋನಿಗೆ ಬಂತು, ನಮ್ಮ ಹುಡುಗನ ಹೆಸರು ಹಾಕಿ. ನಿಮ್ಮ ಪರಿಚಯದವರು ನಮ್ಮ ಆಪ್ ಸೇರಿದ್ದಾರೆ, ಅವರ ಹಾಗೆ ನೀವೂ ಕೂದಲಿನ ಖರ್ಚಲ್ಲಿ ಉಳಿಸಿ ಅಂತ. ಮುಚ್ಚಿಡೋದು ಯಾಕೆ ಅತ್ತಿಗೆ, ನನಗೆ ಒಬ್ಬ ಒಳ್ಳೆ ಡಾಕ್ಟರು ಗೊತ್ತು. ಅವರತ್ರ ಮಾತಾಡಿನೂ ಆಯ್ತು. ನಮ್ಮ ದೊಡ್ಡಕ್ಕನಿಗೂ ಹೇಳಿದೀನಿ, ಅವಳ ಅಳಿಯನಿಗೂ ಹೀಗೇ ಆಗಿತ್ತಂತೆ."

ಎರಡನೆಯದೂ ಹೋಯಿತು. ಆ ವಾರವಿಡೀ ಅಂಗಡಿಗೆ ಬಂದ ನೆಂಟರೆಲ್ಲ ನನ್ನ ಮಗನ ತಲೆಯನ್ನೇ ನೋಡಿದರು. ಅವನು ಪಾಪ ತಾನೇ ಕೂದಲು ಎಳೆದು ತೋರಿಸಬೇಕಾಯಿತು. "ಒಳ್ಳೇ ವಿಗ್ಗು, ಗೊತ್ತೇ ಆಗಲ್ಲ" ಎಂದು ಒಬ್ಬರು ಹೇಳಿಯೂ ಹೋದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ಆದರೆ ಸೊಸೆ ನಡುವೆ ನಗು ನಿಲ್ಲಿಸಿ, "ಇದೇ ಜಾಗದಲ್ಲಿ ವಿಗ್ ಬದಲು ನನ್ನ ಮಾತ್ರೆ ಇದ್ದಿದ್ರೆ?" ಎಂದಳು. ನಮ್ಮ ನಗುವೂ ಅಲ್ಲಿಗೇ ನಿಂತಿತು.

ಉಳಿದದ್ದು ಡ್ರಮ್ಮು. ದಿನಗಳು ಕಳೆದವು. ಡ್ರಮ್ಮಿನ ಜಾಹೀರಾತು ಬರಲಿಲ್ಲ. ಸಂಗೀತ ಶಾಲೆಯವರು ಕರೆಯಲಿಲ್ಲ. ರೇಡಿಯೋ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದನಾದರೂ ಕೂದಲು ಬಿಟ್ಟು ಬೇರೆ ಮಾತೆತ್ತಲಿಲ್ಲ. ನಾನು ಬೇಕೆಂದೇ ಇನ್ನಷ್ಟು ಬರೆಸಿದೆ, ಡ್ರಮ್ಮಿನ ಕೋಲು, ಡ್ರಮ್ಮಿನ ಪಾಠದ ಫೀಸು. ಎಲ್ಲವನ್ನೂ ನುಂಗಿಕೊಂಡು ಕಲ್ಲಿನಂತೆ ಕೂತಿತ್ತು.

ನೋಡಲು ಮಾತ್ರ ಲಕ್ಷಣವಿರಲಿಲ್ಲ. ಬೂದು ಬಣ್ಣ, ಚಿತ್ರವಿಲ್ಲ, ಬಲೂನಿಲ್ಲ. ಹೆಸರು ಕೇಳಲಿಲ್ಲ, ನಂಬರು ಕೇಳಲಿಲ್ಲ. ಬ್ಯಾಂಕಿನ ಮೆಸೇಜನ್ನು ಓದುವುದಿಲ್ಲ, ಖರ್ಚನ್ನೆಲ್ಲ ಕೈಯಾರೆ ಬರೆಯಬೇಕು. ಇಂಟರ್ನೆಟ್ಟಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ, ಬರೆದದ್ದೆಲ್ಲ ಆ ಫೋನಿನೊಳಗೇ, ಬೀಗದ ಹಿಂದೆ. ಮೇಲಾಗಿ ನೋಡಲೆಂದು ಕೊಟ್ಟ ಮೊದಲ ಕೆಲವು ದಿನ ಕಳೆದ ಮೇಲೆ ಒಂದು ಸಲ ದುಡ್ಡು ಕೊಟ್ಟು ಕೊಳ್ಳಬೇಕು. ನನಗೆ ಚುರುಕ್ಕೆಂದಿತು.

"ಉಳಿದವೆಲ್ಲ ಫ್ರೀ, ಇದೊಂದಕ್ಕೆ ಯಾಕೆ ಕೊಡ್ಬೇಕು?"

"ಯಾರಾದ್ರೂ ಫ್ರೀಯಾಗಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡ್ತೀನಿ ಅಂದ್ರೆ ನೀವು ಏನಂತೀರಿ ಅತ್ತೆ?"

ಹಾಗೆಂದವನಿಗೆ ಕೋಟು ಕೊಡುವ ಮೊದಲು ಜೇಬನ್ನು ಹೊಲಿದೇ ಕೊಡುತ್ತೇನೆ.

ಆದರೆ ಅದರ ಷರತ್ತಿನಲ್ಲಿ ಒಂದು ಸಾಲು ನನ್ನ ತಲೆಗೆ ಹುಳ ಬಿಟ್ಟಿತು. ಫೋನು ಕಳೆದರೆ ನಿಮ್ಮ ಲೆಕ್ಕವನ್ನು ನಾವು ವಾಪಸು ಕೊಡಲಾರೆವು, ನಮ್ಮ ಬಳಿ ಏನೂ ಇರುವುದಿಲ್ಲ, ನೀವೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ಬರೆದಿತ್ತು.

"ಇದ್ಯಾವ ಸೀಮೆ ಅಂಗಡಿನಮ್ಮ, ಜವಾಬ್ದಾರಿನೇ ಇಲ್ಲ" ಎಂದೆ.

"ಇದೊಂದೇ ನಿಜ ಹೇಳಿದ್ದು ಅತ್ತೆ. ನಾವು ನೋಡಲ್ಲ, ಅದಕ್ಕೇ ನಮ್ಮ ಹತ್ರ ಇರಲ್ಲ ಅಂತ. ನೋಡದವರು ಹೇಗೆ ಇಟ್ಕೊಳ್ತಾರೆ?"

ಅವಳು ಅದನ್ನೇ ಆರಿಸಿದಳು. ದುಡ್ಡು ಕೊಟ್ಟು ತನ್ನ ಫೋನಿಗೆ ಹಾಕಿಕೊಂಡಳು. ಹಳೇ ಆಪ್ ಅನ್ನು ತೆಗೆಯಲು ಹೋದಾಗ ಗೊತ್ತಾಯಿತು, ಫೋನಿನಿಂದ ಆಪ್‌ನ ಚಿತ್ರ ಅಳಿಸಿದರೆ ಸಾಲದು, ಲೆಕ್ಕ ಅವರ ಬಳಿ ಹಾಗೆಯೇ ಉಳಿಯುತ್ತದೆ. ಪೂರ್ತಿ ಅಳಿಸುವ ಅಧಿಕಾರ ಗುಂಪಿನ ಯಜಮಾನನಿಗೆ ಮಾತ್ರ. ಯಜಮಾನ ಎಂದರೆ ರೇಡಿಯೋ.

"ನಾನು ಕೇಳಲ್ಲ. ಅವರ ಮುಖ ನೋಡಿದ್ರೆ ಅಳು ಬರುತ್ತೆ ನನಗೆ" ಎಂದಳು ಸೊಸೆ. ನಾನೇ ಹೊರಟೆ.

ಜೆರಾಕ್ಸ್ ಅಂಗಡಿಯಲ್ಲಿ ಅವನು ಯಾರದೋ ಪರೀಕ್ಷೆಯ ಹಾಳೆಗಳನ್ನು ಪ್ರತಿ ತೆಗೆಯುತ್ತಿದ್ದ. ನನ್ನನ್ನು ಕಂಡು ಕುರ್ಚಿ ಒರೆಸಿದ. ಕೂದಲಿನ ಡಾಕ್ಟರ ಕಾರ್ಡು ಮೊದಲೇ ತೆಗೆದಿಟ್ಟಿದ್ದ. ನಾನು ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು.

"ಅಂದ್ರೆ ನನ್ನನ್ನ ಹೊರಗೆ ಹಾಕ್ತಿದೀರಾ ಅತ್ತಿಗೆ? ನಾನೇನು ಬೇರೆಯವನಾ?"

"ನೀನು ಬೇರೆಯವನಾಗಿದ್ರೆ ನಾನು ಇಲ್ಲಿಗೆ ಬಂದು ಕೂತ್ಕೊಳ್ತಿದ್ನಾ? ನಾನೂ ಹೊರಗೇ ಕಣಪ್ಪ. ಅವಳ ಲೆಕ್ಕ ಅವಳಿಗೆ, ನನ್ನದು ನನಗೆ. ಅಂಗಡಿದು ಮೊದಲಿನ ಹಾಗೇ ನೀನೇ ನೋಡು."

"ನಾನು ಖುಷಿಗೆ ಹೇಳಿದ್ದು, ಹೋದ ಸಲ. ಕೆಟ್ಟದ್ದಕ್ಕಲ್ಲ."

"ಗೊತ್ತು. ಅವಳಿಗೂ ಗೊತ್ತು." ಇದುವರೆಗೆ ಅವನಿಗೆ ಯಾರೂ ಹೇಳಿರದ ಮಾತನ್ನು ಆಗ ಹೇಳಿದೆ. "ಮಗು ಹೋದ ಮೇಲೆ ತಿಂಗಳುಗಟ್ಟಲೆ ಆ ಆಪ್ ಅವಳಿಗೆ ತೊಟ್ಟಿಲು ತೋರಿಸ್ತು. ಬೆಳಿಗ್ಗೆ ಎದ್ದು ಫೋನು ತೆಗೆದ್ರೆ ತೊಟ್ಟಿಲು."

ಯಂತ್ರದ ಬೆಳಕು ಅತ್ತಿಂದಿತ್ತ ಹೋಗಿ ಬಂತು. ಹಾಳೆಗಳು ಬೀಳುತ್ತಲೇ ಇದ್ದವು, ಅವನು ತೆಗೆಯಲಿಲ್ಲ. ಆ ಮಗು ಹೋದಾಗ ನಮ್ಮೆಲ್ಲರಿಗಿಂತ ಜೋರಾಗಿ ಅತ್ತವನು ಅವನು. ಕಣ್ಣೊರೆಸಿಕೊಂಡು ಫೋನು ತೆಗೆದ.

"ಎಲ್ಲಿ ಒತ್ಬೇಕು, ಹೇಳಿ."

ಸೊಸೆ ದಾರಿ ಹೇಳಿಕೊಟ್ಟಿದ್ದಳು. ಹೊರಗೆ ಹೋಗುವ ಬಾಗಿಲನ್ನು ಅವರು ಹಿತ್ತಿಲ ಮೂಲೆಯಲ್ಲಿ ಬಚ್ಚಿಟ್ಟಿದ್ದರು. ನಿಜವಾಗಿಯೂ ಹೋಗುತ್ತೀರಾ, ನಿಮ್ಮ ಕುಟುಂಬ ನಿಮ್ಮನ್ನು ಕಳೆದುಕೊಳ್ಳುತ್ತದೆ ಎಂದು ಆಪ್ ಗೋಗರೆಯಿತು. "ಕುಟುಂಬ ಇಲ್ಲೇ ಕೂತಿದೆ ಕಣೋ" ಎಂದು ಅದಕ್ಕೇ ಉತ್ತರ ಕೊಟ್ಟು ರೇಡಿಯೋ ಒತ್ತಿದ. ಎಲ್ಲ ಅಳಿಸಿತು. ಆಮೇಲೆ ತಡೆಯಲಾರದೆ ಕೇಳಿದ.

"ಅತ್ತಿಗೆ, ಮತ್ತೆ ಏನಾದ್ರೂ ವಿಶೇಷನಾ?"

"ಇದ್ರೆ ಅವಳೇ ಹೇಳ್ತಾಳೆ. ಅಲ್ಲೀವರೆಗೆ ನಾನೂ ಕೇಳಲ್ಲ, ನೀನೂ ಕೇಳ್ಬೇಡ."

"ಕಷ್ಟ ಅತ್ತಿಗೆ."

"ಕಷ್ಟನೇ. ನನಗೇನು ಸುಲಭ ಅಂದ್ಕೊಂಡ್ಯಾ?"

ಅದೇ ವಾರ ಸೊಸೆ ಆಸ್ಪತ್ರೆಗೆ ಹೋದಳು. ಯಾವ ದಿನ, ಎಷ್ಟು ಹೊತ್ತಿಗೆ ಎಂದು ನನಗೆ ಗೊತ್ತಿಲ್ಲ. ಮಗ ಎರಡು ಗಂಟೆ ಅಂಗಡಿ ಬಿಟ್ಟು ಹೋಗಿ ಬಂದ, ಬಂದವನು ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿದ, ಅಷ್ಟೇ ನಾನು ಕಂಡದ್ದು. ಮತ್ತೊಂದು ದಿನ ಅವಳು ಉಗುರಿನಷ್ಟು ಅಗಲದ ಮೆಮೊರಿ ಕಾರ್ಡೊಂದನ್ನು ತಂದು ನನ್ನ ಕೈಗಿಟ್ಟಳು. ಲೆಕ್ಕದ ಪ್ರತಿ ಅಂತೆ, ಅದಕ್ಕೂ ಬೀಗ ಹಾಕಿದೆಯಂತೆ.

"ಫೋನು ಕಳೆದ್ರೆ ಇದು ಬೇಕಾಗುತ್ತೆ. ಎಲ್ಲಿಡ್ಲಿ ಅಂತ ಯೋಚಿಸಿದೆ, ನಿಮ್ಮ ಚೀಲಕ್ಕಿಂತ ಭದ್ರವಾದ್ದು ಹೊಳೀಲಿಲ್ಲ."

ನಾನು ಗೋಡೆ ನೋಡುತ್ತಾ ಅದನ್ನು ಚೀಲಕ್ಕೆ ಹಾಕಿ, ದಾರ ಕಟ್ಟಿ, ಸ್ಟೂಲಿನ ಮುಂದಿನ ಗೋಡೆಯ ಮೊಳೆಗೆ ತೂಗುಹಾಕಿದೆ. ಚೀಟಿಯ ಮೇಲೆ ಏನು ಬರೆಯಲಿ ಎಂದಾಗ "ಡ್ರಮ್" ಎಂದಳು. ತನ್ನ ಲೆಕ್ಕದಲ್ಲೂ ಆಸ್ಪತ್ರೆಯ ಖರ್ಚನ್ನೆಲ್ಲ ಅದೇ ಹೆಸರಿನಲ್ಲಿ ಬರೆಯುತ್ತಿದ್ದಳಂತೆ, ಅಷ್ಟು ಮಾತ್ರ ಹೇಳಿದಳು.

ಆಮೇಲಿನ ತಿಂಗಳುಗಳು ನನ್ನ ಪಾಲಿನ ಪರೀಕ್ಷೆ. ಏನೂ ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಟೀ ಬಿಟ್ಟಳು. ನಮ್ಮ ಅಂಗಡಿಯ ಪೆಟ್ರೋಲಿನಂಥ ವಾಸನೆಗೆ ಒಳಗೆ ಬರದೆ ಬಾಗಿಲಲ್ಲೇ ನಿಲ್ಲತೊಡಗಿದಳು. ಎರಡೂ ಕಣ್ಣು ನೆಟ್ಟಗಿರುವ ಯಾವ ಹೆಂಗಸಿಗಾದರೂ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೆ ನಾನು ಕೇಳಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಾಗೆಲ್ಲ ಗೋಡೆ ನೋಡಿದೆ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಒಳಗೊಳಗೇ ಹೆದರಿಕೆಯೂ ಇತ್ತು. ಈ ಸಲವೂ ಹೋಗಿದ್ದರೆ, ಅವಳು ನನಗೆ ಹೇಳದೆಯೇ ಒಬ್ಬಳೇ ಅತ್ತಿದ್ದರೆ ಎಂದು ಎಷ್ಟೋ ಮಧ್ಯಾಹ್ನ ಕೈಯಲ್ಲಿ ಯಾರದೋ ಕೋಟು ಹಿಡಿದು ಸುಮ್ಮನೆ ಕೂತಿದ್ದೇನೆ.

ಮೊನ್ನೆ ಅವಳು ಕೆಲಸಕ್ಕೆ ಹಾಕಿಕೊಳ್ಳುವ ಬಿಳಿ ಕೋಟನ್ನು ಒಗೆಯಲು ಕೊಟ್ಟು ಹೋದಳು. ಸ್ಟೂಲಿನ ಮೇಲೆ ಕೂತು ಜೇಬಿಗೆ ಕೈ ಹಾಕಿದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಸಿಕ್ಕಿತು. ಅದರೊಳಗೆ ಇನ್ನೇನೋ ಸುತ್ತಿತ್ತು, ಅದಕ್ಕಿಂತ ಮೆತ್ತಗೆ. ಕೈ ಒಂದು ಕ್ಷಣ ಅಲ್ಲೇ ನಿಂತಿತು. ನನ್ನ ಅತ್ತೆ ಎಲ್ಲಿದ್ದರೂ ಆ ಕ್ಷಣ ನನ್ನ ಬೆನ್ನ ಹಿಂದೆ ನಿಂತಿದ್ದರು ಅನಿಸಿತು. ಗೋಡೆ ನೋಡಿದೆ. ಸಿಕ್ಕ ಹಾಗೆಯೇ ಚೀಲಕ್ಕೆ ಹಾಕಿ ದಾರ ಬಿಗಿದೆ.

ಎರಡು ದಿನ ಬಿಟ್ಟು ಅವಳು ಕೋಟಿಗೆ ಬಂದಳು. ಎಲ್ಲ ಗಿರಾಕಿಗಳಿಗೆ ಕೊಡುವ ಹಾಗೆ ಕೋಟನ್ನೂ ಚೀಲವನ್ನೂ ಕೌಂಟರಿನ ಮೇಲಿಟ್ಟೆ. ಅವಳು ಚೀಲದ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನೋಡಿಲ್ವಾ ಅತ್ತೆ?"

"ಇಲ್ಲ."

"ಮುಟ್ಟಿದಾಗ ಏನು ಅಂತ ಅನ್ನಿಸಿರ್ಬೇಕಲ್ಲ."

"ಅನ್ನಿಸೋದು ಬೇರೆ, ನೋಡೋದು ಬೇರೆ."

"ನಾನು ಬೇಕಂತಲೇ ಇಟ್ಟಿದ್ದು." ಚೀಲವನ್ನು ಮತ್ತೆ ಕೌಂಟರಿನ ಮೇಲಿಟ್ಟಳು. "ಹಲ್ಲಿನ ಸೆಟ್ಟು ಇಟ್ಟ ಹಾಗೆ. ತಪ್ಪು ತಿಳ್ಕೋಬೇಡಿ. ಹೋದ ಸಲ ನಿಮಗೆ ಹೇಳೋಕಾಗ್ಲಿಲ್ವಲ್ಲ, ಈ ಸಲ ಮೊದಲು ನಿಮಗೇ ಹೇಳ್ಬೇಕು ಅಂತಿತ್ತು. ಆದ್ರೂ ಒಂದು ಅಳುಕು. ನೀವು ಪಾಸು ಅತ್ತೆ."

ನನ್ನದೇ ಪರೀಕ್ಷೆಗೆ ನನ್ನನ್ನೇ ಕೂರಿಸಿದ್ದಳು. ಬೇರೆ ದಿನವಾಗಿದ್ದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅವಳೇ ಗಂಟು ಬಿಚ್ಚಿದಳು, ಕನ್ನಡಕದ ಬಟ್ಟೆ ಬಿಡಿಸಿ ನನ್ನ ಅಂಗೈಗಿಟ್ಟಳು. ಒಳಗೆ ಹಳದಿ ಬಣ್ಣದ ಒಂದು ಕಾಲುಚೀಲ, ನನ್ನ ಹೆಬ್ಬೆರಳಿಗೆ ಹಾಕಿದರೂ ಬಿಗಿಯಾಗುವಷ್ಟು ಚಿಕ್ಕದು.

"ಹೋದ ಸಲ ದಾಟದೇ ಇದ್ದ ತಿಂಗಳು ದಾಟಿ ಆಯ್ತು. ನಿನ್ನೆ ಎದೆಬಡಿತ ಕೇಳಿಸಿದ್ರು, ಜೋರಾಗಿದೆ. ಡಾಕ್ಟರು ಧೈರ್ಯವಾಗಿರಿ ಅಂದಿದಾರೆ."

ಕೌಂಟರು ಸುತ್ತಿ ಹೋಗುವಷ್ಟು ತಾಳ್ಮೆ ನನಗಿರಲಿಲ್ಲ, ಅದರ ಮೇಲಿನಿಂದಲೇ ಬಾಗಿ ಅವಳ ಕೆನ್ನೆ ಹಿಡಿದುಕೊಂಡೆ. ಹೋದ ಸಲ ಈ ಸುದ್ದಿಯನ್ನು ನನಗೆ ಬಲೂನು ಹೇಳಿತ್ತು. ಈ ಸಲ ನನ್ನ ಸೊಸೆ ಹೇಳಿದಳು. ನನಗೆ ಅಳು ಬಂತು, ತಡೆಯದೆ ಅತ್ತುಬಿಟ್ಟೆ.

"ಅತ್ತೆ, ಇದು ಕುಲಾವಿ ಅಲ್ಲ, ಕಾಲುಚೀಲ. ಗಾದೆಗೇನೂ ಬಾಧೆ ಇಲ್ಲ" ಎಂದು ಅವಳೂ ಕಣ್ಣೊರೆಸಿಕೊಂಡು ನಕ್ಕಳು.

"ಒಂಟಿ ಕಾಲುಚೀಲ ತಂದು ಕೊಡೋ ಗಿರಾಕಿ ಕಂಡ್ರೆ ನನಗಾಗಲ್ಲ. ಇನ್ನೊಂದೆಲ್ಲಿ?"

"ನಿಮ್ಮ ಮಗನ ಜೇಬಲ್ಲಿ."

ಇಸ್ತ್ರಿ ಮೇಜಿನ ಹಿಂದೆ ಹಬೆ ಭುಸ್ಸೆಂದು ಎದ್ದಿತು. ಅವನು ಅದರೊಳಗೆ ಮುಖ ಮರೆಸಿಕೊಂಡು ನಿಂತಿದ್ದ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ರೇಡಿಯೋ. ಸೊಸೆ ಹೆಸರು ನೋಡಿ, "ಚಿಕ್ಕಮಾವನಿಗೆ ಮುಂದಿನ ವಾರ ನಾನೇ ಹೋಗಿ ಹೇಳ್ತೀನಿ. ಅವರ ಅಂಗಡಿಗೇ ಹೋಗಿ" ಎಂದು ಪಿಸುಗುಟ್ಟಿದಳು. ನಾನು ಫೋನೆತ್ತಿದೆ. ಕಾಲುಚೀಲ ಇನ್ನೂ ನನ್ನ ಮುಷ್ಟಿಯಲ್ಲಿತ್ತು.

"ಅತ್ತಿಗೆ, ಏನು ವಿ..." ಎಂದು ಶುರುಮಾಡಿದವನು ಅಲ್ಲೇ ತಡೆದ. ಅವನು ಉಗುಳು ನುಂಗಿದ್ದು ನನಗೆ ಇಲ್ಲಿಗೆ ಕೇಳಿಸಿತು. "ಏನು, ಇವತ್ತು ಬಟ್ಟೆ ಜಾಸ್ತಿನಾ?"

ಪಾಪ, ಅವನೂ ಪಾಸಾಗುತ್ತಿದ್ದ. ನಾನು ಗೋಡೆಯ ಕಡೆ ತಿರುಗಿದೆ.

"ಎಂದಿನಷ್ಟೇ ಕಣಪ್ಪ" ಎಂದೆ.